ಪ್ರೋಟೀನ್ ಪುಡಿ ಆರಂಭಿಸಿದ ಮೇಲೆ ಇಳಿದಿದ್ದ ತೂಕ ಮತ್ತೆ ಏರಿದೆ: ಇದು ಸ್ನಾಯುವೇ, ಕೊಬ್ಬೇ, ನೀರೇ?

ಕಾಳಿದಂಡೆ (ಕಾರವಾರ), ಜುಲೈ ಮೂರನೆಯ ವಾರ

ನನಗೆ 38 ವರ್ಷ, ಎತ್ತರ 171 ಸೆಂ.ಮೀ. ಕಚೇರಿಯಲ್ಲಿ ದಿನವಿಡೀ ಕುಳಿತು ಮಾಡುವ ಕೆಲಸ. ಬೇಸಿಗೆಯಲ್ಲಿ ಪ್ರತಿ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ನಡೆಯುತ್ತಿದ್ದೆ. ಮಳೆ ಹಿಡಿದ ಮೇಲೆ ಅದು ನಿಂತುಹೋದದ್ದರಿಂದ ಜೂನ್ ಮೊದಲ ವಾರದಲ್ಲಿ ಜಿಮ್ ಸೇರಿದೆ. ಆಗ ನನ್ನ ತೂಕ 84 ಕೆ.ಜಿ. ಇತ್ತು. ರಾತ್ರಿಯ ಅನ್ನವನ್ನು ಬಿಟ್ಟೆ, ಸಂಜೆಯ ಚಹಾದ ಜೊತೆಗಿನ ಕರಿದ ತಿಂಡಿಯನ್ನೂ ಬಿಟ್ಟೆ. ನಾಲ್ಕು ವಾರಗಳಲ್ಲಿ ತೂಕ 81.2 ಕೆ.ಜಿ.ಗೆ ಇಳಿಯಿತು.

ಐದನೆಯ ವಾರದಿಂದ ತರಬೇತುದಾರರ ಸಲಹೆಯಂತೆ ದಿನಕ್ಕೆ ಎರಡು ಬಾರಿ ಪ್ರೋಟೀನ್ ಪುಡಿ ಕುಡಿಯುತ್ತಿದ್ದೇನೆ. ವ್ಯಾಯಾಮ ಒಂದು ದಿನವೂ ತಪ್ಪಿಲ್ಲ, ಊಟ ಹೆಚ್ಚಿಲ್ಲ. ಆದರೂ ಎರಡೇ ವಾರಗಳಲ್ಲಿ ತೂಕ 83.4 ಕೆ.ಜಿ. ಆಗಿದೆ. ‘ಏರಿದ್ದೆಲ್ಲ ಸ್ನಾಯು, ಹೆದರಬೇಡಿ’ ಎಂಬುದು ತರಬೇತುದಾರರ ಮಾತು. ‘ಡಬ್ಬಿಯ ಪುಡಿ ತಿಂದರೆ ಮೈ ಊದದೆ ಇನ್ನೇನಾಗುತ್ತದೆ’ ಎಂಬುದು ಆಯಿಯ ಮಾತು. ಇಬ್ಬರೂ ಇಷ್ಟು ಖಚಿತವಾಗಿ ಹೇಳುತ್ತಿರುವುದರಿಂದಲೇ ನನಗೆ ಅನುಮಾನ ಬಂದಿದೆ. ಪುಡಿಯನ್ನು ನಿಲ್ಲಿಸಬೇಕೇ, ಅಥವಾ ಇನ್ನೊಂದು ತಿಂಗಳು ಕಾದು ನೋಡಬೇಕೇ? ಅನುಭವವಿರುವವರು ತಿಳಿಸಬೇಕಾಗಿ ವಿನಂತಿ.

ಅಘನಾಶಿನಿ (ಕುಮಟಾ)

ನಾನು ವೈದ್ಯನಲ್ಲ, ಹತ್ತು ವರ್ಷಗಳಿಂದ ಭಾರ ಎತ್ತುವ ವ್ಯಾಯಾಮ ಮಾಡುತ್ತಿರುವವನು, ಒಮ್ಮೆ ಇದೇ ಗೊಂದಲದಲ್ಲಿ ಬಿದ್ದು ಎದ್ದವನು. ಉತ್ತರಿಸುವ ಮೊದಲು ನಾಲ್ಕು ಸಂಗತಿಗಳು ತಿಳಿಯಬೇಕು. ಡಬ್ಬಿಯ ಹಿಂಬದಿಯಲ್ಲಿ ಒಂದು ಅಳತೆಗೆ ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್ ಎಂದು ಬರೆದಿದೆ, ಅದರಲ್ಲಿ ಬೇರೆ ಏನು ಬೆರೆಸಿದ್ದಾರೆ? ನೀವು ಅದನ್ನು ನೀರಿನಲ್ಲಿ ಕಲಸುತ್ತೀರೋ ಹಾಲಿನಲ್ಲಿಯೋ? ಮಧ್ಯಾಹ್ನದ ಊಟಕ್ಕೆ ಈಗ ಏನಿರುತ್ತದೆ? ಸೊಂಟದ ಸುತ್ತಳತೆ ಏನಾಗಿದೆ? ಮಾಸ್ ಗೇನರ್ ಎಂಬ ಪುಡಿಗಳನ್ನೂ ಅಂಗಡಿಗಳಲ್ಲಿ ಪ್ರೋಟೀನ್ ಎಂದೇ ಕರೆದು ಕೊಡುವುದುಂಟು. ಅವುಗಳ ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ, ಮತ್ತು ಅವು ಇರುವುದೇ ತೂಕ ಏರಿಸುವುದಕ್ಕೆ.

ಕಾಳಿದಂಡೆ (ಕಾರವಾರ)

ಡಬ್ಬಿಯನ್ನು ಈಗ ಮೊದಲ ಬಾರಿಗೆ ಕನ್ನಡಕ ಹಾಕಿಕೊಂಡು ಓದಿದೆ ಎಂದು ಒಪ್ಪಿಕೊಳ್ಳಬೇಕು. ಅದು ಮಾಸ್ ಗೇನರ್ ಅಲ್ಲ, ಹಾಲೊಡಕಿನ ಪ್ರೋಟೀನ್. ಒಂದು ಅಳತೆಗೆ 120 ಕ್ಯಾಲೊರಿ, 24 ಗ್ರಾಂ ಪ್ರೋಟೀನ್ ಎಂದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಕ್ರಿಯಾಟಿನ್ 3 ಗ್ರಾಂ ಎಂದೂ ಇದೆ. ಬರೀ ನೀರಿನಲ್ಲಿ ಗಂಟಲಿಗೆ ಇಳಿಯುವುದಿಲ್ಲವಾದ್ದರಿಂದ ಪ್ರತಿ ಸಲ ಕಾಲು ಲೀಟರ್ ನೀಲಿ ಪ್ಯಾಕೆಟ್ ಹಾಲು ಮತ್ತು ಒಂದು ಬಾಳೆಹಣ್ಣು ಹಾಕಿ ಮಿಕ್ಸಿಯಲ್ಲಿ ತಿರುವುತ್ತೇನೆ. ಮಧ್ಯಾಹ್ನ ಎಂದಿನಂತೆ ಕುಚಲಕ್ಕಿ ಅನ್ನ, ಸಾರು. ಟ್ರಾಲರುಗಳು ಬಂದರಿನಲ್ಲೇ ಕಟ್ಟಿ ನಿಂತಿರುವುದರಿಂದ ತಾಜಾ ಮೀನು ಕೈಗೆಟುಕುತ್ತಿಲ್ಲ. ಪ್ರತಿದಿನವೂ ಒಣಬಂಗಡೆ ಅಥವಾ ಒಣಸಿಗಡಿ, ಇಲ್ಲದಿದ್ದರೆ ಉಪ್ಪಿನಕಾಯಿ. ಸೊಂಟವನ್ನು ಜೂನ್‌ನಲ್ಲಿ ಅಳೆದಾಗ 98 ಸೆಂ.ಮೀ. ಇತ್ತು, ಇಂದು ಬೆಳಿಗ್ಗೆ 95.5 ಇದೆ.

ಅಘನಾಶಿನಿ (ಕುಮಟಾ)

ಉತ್ತರ ನಿಮ್ಮ ಈ ವಿವರದಲ್ಲಿಯೇ ಇದೆ. ಲೆಕ್ಕ ಹಾಕಿ ನೋಡೋಣ.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ ಎಂದು ಹಿಡಿಯುವುದು ವಾಡಿಕೆ. ನಿಮ್ಮ ಮೈಗೆ ಸೇರಿದ 2.2 ಕೆ.ಜಿ. ಪೂರ್ತಿ ಕೊಬ್ಬೇ ಆಗಿದ್ದರೆ ಈ ಹದಿನಾಲ್ಕು ದಿನಗಳಲ್ಲಿ ಖರ್ಚಿಗಿಂತ ಸುಮಾರು 17,000 ಕ್ಯಾಲೊರಿಯನ್ನು, ಅಂದರೆ ದಿನಕ್ಕೆ 1,200ರಷ್ಟನ್ನು ನೀವು ಹೆಚ್ಚಾಗಿ ತಿಂದಿರಬೇಕಿತ್ತು. ರಾತ್ರಿಯ ಅನ್ನ ಬಿಟ್ಟಿರುವ ಮನುಷ್ಯನಿಗೆ ಅದು ಸಾಧ್ಯವಿಲ್ಲ. ಪೂರ್ತಿ ಸ್ನಾಯುವೂ ಅಲ್ಲ. ಹೊಸದಾಗಿ ಜಿಮ್ ಸೇರಿದವರಿಗೂ ತಿಂಗಳಿಗೆ ಒಂದು ಕಿಲೋ ಸ್ನಾಯು ಕೂಡಿದರೆ ಅದೇ ಹೆಚ್ಚು. ಈ ವಿಷಯದಲ್ಲಿ ನಿಮ್ಮ ತರಬೇತುದಾರರೂ ಆಯಿಯೂ ಸಮಸಮವಾಗಿ ತಪ್ಪಿದ್ದಾರೆ.

ಆದರೆ ಊಟ ಹೆಚ್ಚಿಲ್ಲ ಎಂದು ನೀವು ಹೇಳಿದ್ದು ಸರಿಯಲ್ಲ. ಎರಡು ಅಳತೆ ಪುಡಿಗೆ 240, ಅರ್ಧ ಲೀಟರ್ ಹಾಲಿಗೆ ಸುಮಾರು 300, ಎರಡು ಬಾಳೆಹಣ್ಣಿಗೆ ಸುಮಾರು 200. ಒಟ್ಟು 740 ಕ್ಯಾಲೊರಿ. ನೀವು ಬಿಟ್ಟ ರಾತ್ರಿಯ ಅನ್ನದಲ್ಲಿ ಅಷ್ಟು ಇದ್ದಿರಲಾರದು. ಕುಡಿದದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲವೆಂಬ ಭಾವನೆ ನಮ್ಮೆಲ್ಲರಲ್ಲೂ ಇದೆ, ಎಳನೀರಿನಿಂದ ಹಿಡಿದು ಸೋಲ್‌ಕಡಿಯವರೆಗೆ. ಮೊದಲ ತಿಂಗಳು ನಿಮಗೆ ದಿನಕ್ಕೆ 500 ಕ್ಯಾಲೊರಿಯ ಕೊರತೆ ಇತ್ತೆಂದು ಇಟ್ಟುಕೊಂಡರೆ, ಈಗ ಅದು ಅಳಿಸಿಹೋಗಿ 240ರಷ್ಟು ಮೇಲಾಗಿದೆ. ಹದಿನಾಲ್ಕು ದಿನಕ್ಕೆ ಅದು ಅರ್ಧ ಕಿಲೋಕ್ಕಿಂತ ಕಡಿಮೆ. ಉಳಿದ ಒಂದೂಮುಕ್ಕಾಲು ಕಿಲೋ ಬಹುತೇಕ ನೀರು.

ಆ ನೀರು ಬಂದ ದಾರಿ ಮೂರು ಇರಬಹುದು. ವ್ಯಾಯಾಮದ ಕಸುವಿಗೆಂದು ಪುಡಿಯಲ್ಲಿ ಬೆರೆಸುವ ಕ್ರಿಯಾಟಿನ್ ಸ್ನಾಯುವಿನೊಳಕ್ಕೆ ನೀರನ್ನು ಸೆಳೆಯುತ್ತದೆ. ದಿನಕ್ಕೆ ನಿಮ್ಮಂತೆ 6 ಗ್ರಾಂ ತೆಗೆದುಕೊಳ್ಳುವವರಿಗೆ ಮೊದಲ ವಾರಗಳಲ್ಲಿ ಒಂದರಿಂದ ಎರಡು ಕಿಲೋ ಏರುವುದು ಸಾಮಾನ್ಯ, ಅದು ಕೊಬ್ಬಲ್ಲ. ಎರಡನೆಯದು ಗ್ಲೈಕೋಜನ್. ನಾವು ತಿಂದ ಅನ್ನ ಯಕೃತ್ತು ಮತ್ತು ಸ್ನಾಯುಗಳಲ್ಲಿ ಈ ರೂಪದಲ್ಲಿ ಶೇಖರವಾಗುತ್ತದೆ, ಮತ್ತು ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ ಬಿಟ್ಟ ಮೊದಲ ವಾರ ನೀವು ಸಂತೋಷಪಟ್ಟ ಇಳಿಕೆಯಲ್ಲಿ ದೊಡ್ಡ ಪಾಲು ಈ ನೀರೇ ಆಗಿತ್ತು; ಬಾಳೆಹಣ್ಣು, ಹಾಲು ಸೇರಿದಾಗ ಅದರಲ್ಲಿ ಸ್ವಲ್ಪ ಮರಳಿ ಬಂದಿದೆ.

ಮೂರನೆಯದು ಉಪ್ಪು, ಇದನ್ನು ನಮ್ಮ ಕರಾವಳಿಯವರು ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದಲ್ಲಿ ನಾವು ಒಣಮೀನಿನ ಮೇಲೆಯೇ ಬದುಕುತ್ತೇವೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ, ನಮ್ಮ ದೇಹದ ದ್ರವದ ಹದವೂ ಹೆಚ್ಚುಕಡಿಮೆ ಅದೇ. ಆದ್ದರಿಂದ ಹೊರಹೋಗದೆ ಉಳಿದ ಪ್ರತಿ 9 ಗ್ರಾಂ ಉಪ್ಪು ಸುಮಾರು ಒಂದು ಲೀಟರ್ ನೀರನ್ನು, ಅಂದರೆ ಒಂದು ಕಿಲೋ ತೂಕವನ್ನು ಹಿಡಿದುಕೊಂಡಿರುತ್ತದೆ. ಅದು ತಾತ್ಕಾಲಿಕ, ಉಪ್ಪು ಕಡಿಮೆಯಾದರೆ ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಆದರೆ ತಕ್ಕಡಿಯ ಮೇಲೆ ನಿಂತವನಿಗೆ ಅದು ಕೊಬ್ಬಿನಂತೆಯೇ ಕಾಣುತ್ತದೆ.

ಸೊಂಟ ಎರಡೂವರೆ ಸೆಂ.ಮೀ. ಇಳಿದಿರುವುದು ನಿಮ್ಮ ಪರವಾದ ಸಾಕ್ಷಿ. ಪುಡಿಯನ್ನು ನಿಲ್ಲಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ; ಹಾಲು ಮತ್ತು ಬಾಳೆಹಣ್ಣನ್ನು ಬಿಟ್ಟು, ದಿನಕ್ಕೆ ಒಂದೇ ಅಳತೆಯನ್ನು ತಣ್ಣೀರಿನಲ್ಲಿ ಕಲಸಿ ಕುಡಿಯಿರಿ. ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮೊದಲು ತೂಕ ನೋಡಿ, ಏಳು ದಿನಗಳ ಸರಾಸರಿಯನ್ನು ಮಾತ್ರ ಹಿಂದಿನ ವಾರದ ಸರಾಸರಿಗೆ ಹೋಲಿಸಿ.

ತಂಬುಳಿ (ಶಿರಸಿ)

ಮೇಲಿನವರ ಲೆಕ್ಕ ಸೊಗಸಾಗಿದೆ, ಆದರೆ ಎಲ್ಲರ ತೂಕವೂ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದಕ್ಕೆ ನನ್ನ ಅನುಭವವನ್ನು ಬರೆಯುತ್ತೇನೆ. ನನಗೆ 46 ವರ್ಷ. ಸಸ್ಯಾಹಾರಿ ಮನೆ, ನಮ್ಮ ಊಟದಲ್ಲಿ ತಂಬುಳಿ, ಅಪ್ಪೆಹುಳಿ, ಮಜ್ಜಿಗೆಗಳ ವೈಭವವಿದ್ದರೂ ಬೇಳೆ ಮಾತ್ರ ಸಾರಿನ ತಳದಲ್ಲಿ ಹುಡುಕಿದರೆ ಸಿಗುವಷ್ಟು. ಪ್ರೋಟೀನ್ ಸಾಲದು ಎಂದು ಆಹಾರತಜ್ಞೆ ಹೇಳಿದ ಮೇಲೆ ಸೋಯಾ ಪ್ರೋಟೀನ್ ಪುಡಿಯನ್ನು ಹಾಲಿನಲ್ಲಿ ಕಲಸಿ ಪ್ರತಿದಿನ ಬೆಳಿಗ್ಗೆ ಕುಡಿಯತೊಡಗಿದೆ. ಅಳೆದು ತೂಗಿ ಉಂಡರೂ ಐದು ತಿಂಗಳಲ್ಲಿ ನಾಲ್ಕು ಕಿಲೋ ಏರಿದೆ. ಜೊತೆಗೆ ಸುಸ್ತು, ಮಲಬದ್ಧತೆ, ಮಳೆಗಾಲದ ಚಳಿಯನ್ನೂ ತಡೆಯಲಾಗದ ಸ್ಥಿತಿ.

ನಾನು ಬಹಳ ಹಿಂದಿನಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವಳು. ಮಾತ್ರೆ ನುಂಗಿದ ಹತ್ತೇ ನಿಮಿಷಕ್ಕೆ ಈ ಪೇಯವನ್ನು ಕುಡಿಯುತ್ತಿದ್ದೆ. ಸೋಯಾ ಮತ್ತು ಹಾಲಿನ ಕ್ಯಾಲ್ಸಿಯಂ ಎರಡೂ ಆ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಟಿಎಸ್‌ಎಚ್ ಪರೀಕ್ಷೆಯಲ್ಲಿ ಅಂಕಿ ಮಿತಿಗಿಂತ ಬಹಳ ಮೇಲಿತ್ತು, ಅಂದರೆ ದೇಹಕ್ಕೆ ಥೈರಾಯ್ಡ್ ಸಾಲುತ್ತಿರಲಿಲ್ಲ. ಮಾತ್ರೆಯ ಪ್ರಮಾಣವನ್ನು ಏರಿಸುವ ಮೊದಲು ವೈದ್ಯರು ನಾನು ಅದನ್ನು ತೆಗೆದುಕೊಳ್ಳುವ ಕ್ರಮವನ್ನು ವಿಚಾರಿಸಿದರು. ಈಗ ಎದ್ದೊಡನೆ ಬರಿಹೊಟ್ಟೆಯಲ್ಲಿ ಮಾತ್ರೆ, ಒಂದು ಗಂಟೆಯ ನಂತರ ತಿಂಡಿ, ಪುಡಿ ಸಂಜೆಗೆ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ನಾಲ್ಕು ಗಂಟೆ ಅಂತರವಿಡಬೇಕಂತೆ. ಎರಡು ತಿಂಗಳ ನಂತರದ ಪರೀಕ್ಷೆ ಸರಿಯಾಗಿ ಬಂತು. ತೂಕ ಎರಡೂವರೆ ಕಿಲೋ ಇಳಿದಿದೆ, ಉಳಿದದ್ದಕ್ಕೆ ಬಹುಶಃ ನಮ್ಮನೆಯ ತೆಂಗಿನಕಾಯಿಯೇ ಹೊಣೆ.

ಶರಾವತಿ (ಹೊನ್ನಾವರ)

ಸರಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಕುಮಟೆಯವರು ಪುಡಿಯನ್ನು ಮುಂದುವರಿಸಲು ಸಲೀಸಾಗಿ ಹೇಳಿದ್ದಾರೆ, ಅದಕ್ಕೆ ನನ್ನ ಪೂರ್ಣ ಸಮ್ಮತಿಯಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬಳಸುವುದು ಬೇಡವೆಂದೇ ಹೇಳಿದೆ. ಅದೇ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಬೇಕಾದದ್ದು ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಕೇಳಿದವರಿಗೆ ಅದು ಸುಮಾರು 69 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೂರು ಗ್ರಾಂ ಬಂಗಡೆಯಲ್ಲಿ 19-20 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಒಣ ಹುರುಳಿಯಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇರುವಾಗ ಕರಾವಳಿಯವರಿಗೆ ಡಬ್ಬಿ ಅನಿವಾರ್ಯವಲ್ಲ. ಶಿರಸಿಯ ಸಹೋದರಿಯ ಮನೆಯಲ್ಲಿ ಅದರ ಅಗತ್ಯ ಇದ್ದೀತು.

ಮುಂದುವರಿಸುವುದೇ ಆದರೆ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿ. ಮುಚ್ಚಳದ ಮುದ್ರೆ ಒಡೆದ ಡಬ್ಬಿಯಿಂದ ಪೊಟ್ಟಣ ಕಟ್ಟಿ ಕೊಡುವ ಪುಡಿಯನ್ನು ಮುಟ್ಟಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಆರಂಭಿಸಲೇಬಾರದು. ಕ್ರಿಯಾಟಿನ್ ಸೇವಿಸುವವರ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನೈನ್ ಅಂಕಿ ಸ್ವಲ್ಪ ಏರಿ ಕಾಣಬಹುದು, ಹಾಗಾಗಿ ಪರೀಕ್ಷೆಗೆ ಹೋದಾಗ ಅದನ್ನು ಮುಚ್ಚಿಡದೆ ಹೇಳಿ. ಕಾಲಿನ ಬಾವು, ಒತ್ತಿದರೆ ಕುಳಿ ಬೀಳುವುದು, ಏದುಸಿರು ಇವುಗಳ ಜೊತೆಗೆ ತೂಕ ಏರಿದರೆ ಅದು ಒಣಮೀನಿನ ನೀರಲ್ಲ, ಆ ದಿನವೇ ವೈದ್ಯರ ಬಳಿ ಹೋಗಬೇಕು.

ಇಳಿಕೆಯ ಬಗ್ಗೆ ಇಲ್ಲಿ ಯಾರೂ ಮಾತಾಡಿಲ್ಲ. ನನ್ನ ನೆಂಟರೊಬ್ಬರು ನಡಿಗೆ ಆರಂಭಿಸಿದ ಮೂರು ತಿಂಗಳಲ್ಲಿ ಏಳು ಕಿಲೋ ಇಳಿದು ಊರಿಗೆಲ್ಲ ತಮ್ಮ ಪಥ್ಯವನ್ನು ಬೋಧಿಸುತ್ತಿದ್ದರು. ರಾತ್ರಿ ನಾಲ್ಕು ಬಾರಿ ಮೂತ್ರಕ್ಕೆ ಏಳುತ್ತಿದ್ದುದನ್ನು ಮಾತ್ರ ಹೇಳಿರಲಿಲ್ಲ. ಅವರಿಗೆ ಇದ್ದದ್ದು ಸಕ್ಕರೆ ಕಾಯಿಲೆ. ಪ್ರಯತ್ನಕ್ಕೆ ಮೀರಿ, ಅಥವಾ ಪ್ರಯತ್ನವೇ ಇಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ದೇಹತೂಕದ ಶೇ. 5ರಷ್ಟು ಇಳಿದರೆ ಹಿಗ್ಗದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕಾಳಿದಂಡೆ (ಕಾರವಾರ), ಆಗಸ್ಟ್ ಮೂರನೆಯ ವಾರ

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ವಾರಗಳಿಂದ ಹಾಲು, ಬಾಳೆಹಣ್ಣು ಬಿಟ್ಟು ಒಂದೇ ಅಳತೆ ಪುಡಿಯನ್ನು ನೀರಿನಲ್ಲಿ ಕುಡಿಯುತ್ತಿದ್ದೇನೆ. ರುಚಿಯ ಬಗ್ಗೆ ಮಾತಾಡದಿರುವುದು ಒಳ್ಳೆಯದು. ಹೊನ್ನಾವರದ ಅಕ್ಕನವರ ಮಾತಿನಂತೆ ರಕ್ತಪರೀಕ್ಷೆ ಮಾಡಿಸಿದೆ, ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ ಮೂರೂ ಸರಿಯಾಗಿವೆ. ಮೊದಲ ಹತ್ತು ದಿನ ತೂಕ ಅಷ್ಟೇನೂ ಅಲುಗಲಿಲ್ಲ. ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿದು ಮನೆಗೆ ತಾಜಾ ಮೀನು ಬರತೊಡಗಿದ ವಾರ ಒಮ್ಮೆಲೇ ಒಂದು ಕಿಲೋ ಇಳಿಯಿತು. ಈಗ ಏಳು ದಿನಗಳ ಸರಾಸರಿ 81.6, ಸೊಂಟ 94. ಅಂದರೆ ಜುಲೈ ಆರಂಭದ 81.2ಕ್ಕೆ ನಾನಿನ್ನೂ ಮರಳಿಲ್ಲ, ಆದರೆ ಅಂದು ಬಿಗಿಯಾಗಿದ್ದ ಪ್ಯಾಂಟು ಇಂದು ಬೆಲ್ಟ್ ಇಲ್ಲದೆ ನಿಲ್ಲುವುದಿಲ್ಲ. ಡಬ್ಬಿ ಮುಗಿದ ಮೇಲೆ ಹೊಸದನ್ನು ತರುವ ಯೋಚನೆಯಿಲ್ಲ. ಆಯಿಗೆ ಈ ಮಾತನ್ನು ಇನ್ನೂ ಹೇಳಿಲ್ಲ, ಗೆದ್ದೆನೆಂದು ತಿಳಿದುಕೊಳ್ಳುತ್ತಾಳೆ.

ಒಂದು ಪ್ರಶ್ನೆ ಉಳಿದಿದೆ. ಮುಂದಿನ ಮಳೆಗಾಲಕ್ಕೆಂದು ಈಗಾಗಲೇ ಕಟ್ಟಿಟ್ಟಿರುವ ಒಣಬಂಗಡೆಯ ಉಪ್ಪನ್ನು ಕಡಿಮೆ ಮಾಡುವ ಉಪಾಯವಿದೆಯೇ?

ಶರಾವತಿ (ಹೊನ್ನಾವರ)

ತಲೆ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ ಇನ್ನೊಮ್ಮೆ ಹಾಗೆಯೇ ಮಾಡಿ. ಉಪ್ಪು ಪೂರ್ತಿ ಹೋಗುವುದಿಲ್ಲ, ಸಾಕಷ್ಟು ಇಳಿಯುತ್ತದೆ. ಆಮೇಲೆ ಸಾರಿಗೆ ಬೇರೆ ಉಪ್ಪು ಹಾಕಬೇಡಿ, ಮತ್ತು ಅದೇ ಊಟಕ್ಕೆ ಉಪ್ಪಿನಕಾಯಿ ಭರಣಿಯನ್ನು ಕೆಳಗಿಳಿಸಬೇಡಿ.