ಸ್ಟೇಜಿನ ರಾಗ ಮೈಕಿನಲ್ಲೂ ಬರ್ತಿದೆ, ಸಹಾಯ ಬೇಕು

ನಮಸ್ಕಾರ. ನಾನು ಬದಿಯಡ್ಕದವನು. ನಾಲ್ಕು ವರ್ಷದಿಂದ ಕಾಸರಗೋಡು, ಮಂಗಳೂರು ಕಡೆ ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡ್ತಿದ್ದೇನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಈ ಕಲಸುಮೇಲೋಗರವೇ ನನ್ನ ಜೋಕಿನ ಬಂಡವಾಳ. "ಎಂತ ಮಾರಾಯ್ರೆ" ಅಂದರೆ ಸಾಕು, ಜನ ನಗುತ್ತಾರೆ.

ಈಗ ವಾಯ್ಸ್ ಓವರ್, ಅಂದರೆ ಜಾಹೀರಾತಿಗೆಲ್ಲ ದನಿ ಕೊಡುವ ಕೆಲಸ, ಶುರು ಮಾಡಿದ್ದೇನೆ. ಕಪಾಟಿನ ಬಟ್ಟೆಗಳ ನಡುವೆ ಮೈಕ್ ಇಟ್ಟು ರೆಕಾರ್ಡಿಂಗ್. ಸದ್ದಿನ ತೊಂದರೆ ಇಲ್ಲ, ತೊಂದರೆ ನನ್ನ ಬಾಯಿಯದ್ದೇ: ಸಾಲಿನ ಕೊನೆ ಮೇಲೇರುವ ನಮ್ಮೂರ ಮಾತಿನ ರಾಗ. ಮೊನ್ನೆ ಬೆಂಗಳೂರಿನ ಒಂದು ಸ್ಟುಡಿಯೋಗೆ 30 ಸೆಕೆಂಡಿನ ಜಾಹೀರಾತು ಕಳಿಸಿದೆ. "ಇಂದೇ ಮನೆಗೆ ತನ್ನಿ" ಅನ್ನೋ ಸಾಲಿನಲ್ಲಿ "ತನ್ನಿ" ಮೇಲೇರಿ ನಿಂತಿದೆ. "ತರಬೇಕಾ ಬೇಡವಾ ಅಂತ ನೀವೇ ಕೇಳಿದ ಹಾಗಿದೆ" ಅಂತ ವಾಪಸ್ ಬಂತು! ಇನ್ನೊಂದು, ಪ್ರತಿ ಸಾಲಿನ ನಂತರ ನಗುವಿಗೆ ಕಾಯುವ ಅಭ್ಯಾಸ. ಕಪಾಟಿನೊಳಗೆ ಯಾರು ನಗ್ತಾರೆ? ಓದಿ ಮುಗಿಸುವಾಗ 36 ಸೆಕೆಂಡ್.

ಆಡಿಯೋ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಟೆಂಪೋ (ಓದಿನ ವೇಗ) 20 ಶೇಕಡಾ ಏರಿಸಿದೆ. 30ಕ್ಕೆ ಬಂತು, ಆದರೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಕೇಳುತ್ತದೆ. ಬರೀ ಗ್ಯಾಪ್ ಕತ್ತರಿಸಿದರೆ ಉಸಿರು ಅರ್ಧಕ್ಕೆ ತುಂಡಾಗುತ್ತದೆ. ಎರಡು ವಾರ ವಾರ್ತೆ ಕೇಳಿ ಹಾಗೇ ಓದಿದೆ. ರಾಗ ಹೋಯಿತು, ಜೊತೆಗೆ ಜೀವವೂ ಹೋಯಿತು. ಅದಕ್ಕಿಂತ ಭಯ ಏನಂದ್ರೆ, ಕಳೆದ ಶೋನಲ್ಲಿ ನನ್ನ ಜೋಕೂ ವಾರ್ತೆ ಥರವೇ ಬಂತು.

ಸ್ಟೇಜು, ಡಬ್ಬಿಂಗ್ ಎರಡೂ ಮಾಡುವವರು ಹೇಳಿ: ಊರಿನ ರಾಗ ಕಳೆದುಕೊಳ್ಳದೆ, ಮೈಕ್ ಮುಂದೆ ಮಾತ್ರ ಸಾಲಿನ ಕೊನೆ ಇಳಿಸೋಕೆ ದಿನಾ ಯಾವ ಅಭ್ಯಾಸ ಮಾಡಬೇಕು?