ಎಲ್ಲ ಟ್ರ್ಯಾಕ್ ಸೇರಿಸಿದರೆ ಸ್ನೇರ್ ಸೊರಗುತ್ತದೆ, ಗಿಟಾರ್ ಹಿಂದೆ ಬೀಳುತ್ತದೆ: ಮನೆ ಸ್ಟುಡಿಯೋದ ರಾಕ್ ಆಲ್ಬಂ

ಏಳನೇತಂತಿ

ಎಂಟು ಹಾಡುಗಳ ರಾಕ್ ಆಲ್ಬಂ, ಪೂರ್ತಿ ಮನೆಯ ಕೋಣೆಯಲ್ಲೇ ರೆಕಾರ್ಡ್ ಆಗಿದೆ. 48 ಕಿಲೋಹರ್ಟ್ಜ್ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಶಬ್ದದ ಅಳತೆ), 24 ಬಿಟ್, ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ. ಇಂಟರ್‌ಫೇಸ್‌ನಲ್ಲಿ (ಮೈಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ನಾಲ್ಕೇ ಇನ್‌ಪುಟ್, ಹಾಗಾಗಿ ಡ್ರಮ್ಸ್‌ಗೆ ನಾಲ್ಕು ಮೈಕ್: ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಒಳಗೆ ಒಂದು, ಸ್ನೇರ್ (ಚರಚರ ಎನ್ನುವ ಚಿಕ್ಕ ಡ್ರಮ್) ಮೇಲೆ ಒಂದು, ಇಡೀ ಸೆಟ್‌ನ ಮೇಲೆ ಓವರ್‌ಹೆಡ್ ಎರಡು. ಡ್ರಮ್ಸ್ ಆದಮೇಲೆ ಬೇಸ್, ಗಿಟಾರ್, ಗಾಯನ ಒಂದೊಂದಾಗಿ. ತೊಂದರೆಗಳು ಇವು:

1. ಸ್ನೇರ್ ಮೈಕ್ ಸೋಲೋ ಮಾಡಿದರೆ ದಪ್ಪ ಶಬ್ದ. ಓವರ್‌ಹೆಡ್ ಏರಿಸಿದ ಕೂಡಲೇ ತಗಡು ಬಡಿದ ಹಾಗೆ.
2. ಗಿಟಾರ್ ಟೇಕ್‌ಗಳೆಲ್ಲ ಡ್ರಮ್ಸ್‌ಗಿಂತ ಒಂದು ಕೂದಲೆಳೆ ಹಿಂದೆ. ಎಲ್ಲ ಹಾಡಲ್ಲೂ ಅಷ್ಟೇ ಹಿಂದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.
3. ಎರಡು ಹಾಡಿನಲ್ಲಿ ಫೋನ್ ಸ್ಪೀಕರ್‌ನಲ್ಲಿ ಕೇಳಿದರೆ ರಿದಮ್ ಗಿಟಾರ್ ಅರ್ಧ ಮಾಯ.
4. ಮಾಸ್ಟರ್ (ಬಿಡುಗಡೆಗೆ ಸಿದ್ಧವಾದ ಅಂತಿಮ ಕಡತ) ಮೈನಸ್ 7 ಎಲ್‌ಯುಎಫ್‌ಎಸ್ (ಒಟ್ಟು ಜೋರಿನ ಅಳತೆ) ಇದೆ, ಟ್ರೂ ಪೀಕ್ (ತರಂಗದ ನಿಜವಾದ ಅತಿ ಎತ್ತರ) ಪ್ಲಸ್ 0.6. ಸ್ಟ್ರೀಮಿಂಗ್‌ನಲ್ಲಿ ಬೇರೆ ಹಾಡುಗಳ ಪಕ್ಕ ಇಟ್ಟರೆ ಚಿಕ್ಕದಾಗಿ, ಒರಟಾಗಿ ಕೇಳುತ್ತದೆ.

ಇಕ್ಯೂ (ಬೇರೆ ಬೇರೆ ಆವರ್ತನ ಏರಿಳಿಸುವುದು), ಕಂಪ್ರೆಸರ್, ಸಿದ್ಧ ಸ್ನೇರ್ ಶಬ್ದದ ಸ್ಯಾಂಪಲ್ ಬೆರೆಸುವುದು ಎಲ್ಲ ಆಯಿತು. ಎಲ್ಲಿಂದ ಶುರು ಮಾಡಬೇಕು?

ಶೂನ್ಯಡೆಸಿಬೆಲ್

ಸದ್ಯಕ್ಕೆ ಪ್ಲಗಿನ್‌ಗಳನ್ನೆಲ್ಲ ಬೈಪಾಸ್ ಮಾಡಿ. ಮೊದಲ ಮೂರು ತೊಂದರೆಗೂ ಬೇರು ಒಂದೇ ಇರುವ ಹಾಗಿದೆ: ಹೊತ್ತು. ಒಂದೇ ಏಟು ಎರಡು ದಾರಿಯಲ್ಲಿ, ಎರಡು ಬೇರೆ ಕ್ಷಣದಲ್ಲಿ ಬಂದು ಸೇರುತ್ತಿದೆ. ಇದು ಇಕ್ಯೂಗೆ ಬಗ್ಗುವುದಿಲ್ಲ, ಯಾಕೆಂದರೆ ಎರಡು ತರಂಗ ಒಂದನ್ನೊಂದು ಅಳಿಸಿದ ಜಾಗದಲ್ಲಿ ಏರಿಸಲು ಏನೂ ಉಳಿದಿರುವುದಿಲ್ಲ. 12 ಡಿಬಿ ಏರಿಸಿದರೂ ಅಕ್ಕಪಕ್ಕದ ಕಸ ಮಾತ್ರ ಮೇಲೆ ಬರುತ್ತದೆ.

ಮೂರು ವಿಷಯ ಬೇಕು. ಸ್ನೇರ್ ಚರ್ಮದ ನಡುವಿನಿಂದ ಎರಡೂ ಓವರ್‌ಹೆಡ್‌ಗೆ ಎಷ್ಟು ಸೆಂಟಿಮೀಟರ್? ಗಿಟಾರ್ ನುಡಿಸುವಾಗ ಕಿವಿಗೆ ಬರುತ್ತಿದ್ದದ್ದು ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರಿಂಗೋ (ಕಂಪ್ಯೂಟರ್ ಹಾಯದೆ ನೇರ ಬರುವ ಶಬ್ದ), ಕಂಪ್ಯೂಟರ್ ಒಳಗಿನ ಆಂಪ್ ಸಿಮ್ಯುಲೇಟರೋ? ಆ ಎರಡು ಹಾಡಿನ ರಿದಮ್ ಗಿಟಾರ್ ಎರಡು ಸಲ ನುಡಿಸಿದ್ದೋ, ಒಂದೇ ಟೇಕ್‌ನ ನಕಲೋ?

ಏಳನೇತಂತಿ

ಸ್ನೇರ್‌ನಿಂದ ಎಡ ಓವರ್‌ಹೆಡ್ 95 ಸೆಂಮೀ, ಬಲದ್ದು 118 ಸೆಂಮೀ. ಸ್ನೇರ್ ಮೈಕ್ ಚರ್ಮದಿಂದ 5 ಸೆಂಮೀ. ಸ್ಟ್ಯಾಂಡ್‌ಗಳು ಕದಲಿಲ್ಲ. ಮಾನಿಟರಿಂಗ್ ಡೈರೆಕ್ಟ್, ಆಂಪ್ ಸಿಮ್ಯುಲೇಟರ್ ಆಮೇಲೆ ಹಾಕಿದ್ದು. ಆ ಎರಡು ಹಾಡಲ್ಲಿ ಎಡದ ಟೇಕ್ ನಕಲು ಮಾಡಿ, 15 ಮಿಲಿಸೆಕೆಂಡ್ ತಡ ಮಾಡಿ ಬಲಕ್ಕೆ ಹಾಕಿದೆ, ಅಗಲ ಬರಲಿ ಅಂತ.

ಶೂನ್ಯಡೆಸಿಬೆಲ್

ಹಾಗಾದರೆ ಲೆಕ್ಕ ಸಿಕ್ಕಿತು.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸ್ನೇರ್ ಮೈಕ್‌ಗೂ ಎಡ ಓವರ್‌ಹೆಡ್‌ಗೂ ದೂರದ ವ್ಯತ್ಯಾಸ 90 ಸೆಂಮೀ. ಅಂದರೆ 2.62 ಮಿಲಿಸೆಕೆಂಡ್, 48 ಕಿಲೋಹರ್ಟ್ಜ್‌ನಲ್ಲಿ 126 ಸ್ಯಾಂಪಲ್. ಇಷ್ಟು ತಡವಾಗಿ ಬಂದ ಶಬ್ದ ಮೊದಲನೆಯದರ ಜೊತೆ ಸೇರಿದಾಗ ಮೊದಲ ಗುಂಡಿ (ಶಬ್ದ ಅಳಿಸಿಹೋಗುವ ಆವರ್ತನ) ಬೀಳುವುದು ತಡದ ಎರಡರಷ್ಟರಿಂದ 1 ಅನ್ನು ಭಾಗಿಸಿದ ಕಡೆ: ಸುಮಾರು 190 ಹರ್ಟ್ಜ್. ಬಹುತೇಕ ಸ್ನೇರ್‌ಗಳ ಮೈಕಟ್ಟು ಇರುವುದೇ 180ರಿಂದ 220ರ ನಡುವೆ. ನಿಮ್ಮ ಸ್ನೇರ್‌ನ ಹೊಟ್ಟೆಯನ್ನೇ ಓವರ್‌ಹೆಡ್ ಕೊಯ್ದು ಹಾಕುತ್ತಿದೆ.

ಇದನ್ನು ಈ ಕ್ರಮದಲ್ಲಿ ನೋಡಿ:

ಮಾಸ್ಟರ್ ಅನ್ನು ಮೋನೋ ಮಾಡಿ (ಎಡ, ಬಲ ಸೇರಿಸಿ ಒಂದೇ). ಎಡ ಓವರ್‌ಹೆಡ್ ಒಂದನ್ನೇ ಬಿಟ್ಟು, ಅದರಲ್ಲಿ ಸ್ನೇರ್ ಎಷ್ಟು ಕೇಳುತ್ತದೋ ಅಷ್ಟೇ ಮಟ್ಟಕ್ಕೆ ಸ್ನೇರ್ ಮೈಕ್ ಏರಿಸಿ. ಸಮ ಮಟ್ಟದಲ್ಲಿ ಅಳಿಸಾಟ ಅತಿ ಹೆಚ್ಚು, ಆದ್ದರಿಂದ ಕಿವಿಗೆ ಬೇಗ ಗೊತ್ತಾಗುತ್ತದೆ. ಈಗ ಸ್ನೇರ್ ಟ್ರ್ಯಾಕ್‌ನ ಪೊಲಾರಿಟಿ ಬಟನ್ ಒತ್ತಿ, ಅದು ತರಂಗವನ್ನು ತಲೆಕೆಳಗು ಮಾಡುತ್ತದೆ. ಗೀಟು ಎಳೆದ ಸೊನ್ನೆಯ ಚಿಹ್ನೆ ಇರುತ್ತದಲ್ಲ, ಅದು. ನಿಮ್ಮ ಅಳತೆಗೆ 190ರ ಗುಂಡಿ ದಿಬ್ಬವಾಗಿ ತಿರುಗಬೇಕು, ಗುಂಡಿ 380ರ ಸುತ್ತ ಸರಿಯಬೇಕು. 380ರ ಸುತ್ತ ಕಡಿಮೆಯಾದರೆ ಸ್ನೇರ್‌ಗೆ ನಷ್ಟವಿಲ್ಲ, ಡಬ್ಬದ ಸದ್ದು ಇರುವ ಜಾಗ ಅದು. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಸಾಲದಿದ್ದರೆ ಪೊಲಾರಿಟಿ ಹಿಂದಿನಂತೆ ಇಟ್ಟು, ಸ್ನೇರ್ ಟ್ರ್ಯಾಕ್ ಅನ್ನು 126 ಸ್ಯಾಂಪಲ್ ತಡ ಮಾಡಿ. ರೀಪರ್‌ನಲ್ಲಿ ಟ್ರ್ಯಾಕ್‌ನ ರೂಟಿಂಗ್ ಕಿಟಕಿಯಲ್ಲಿ ಮೀಡಿಯಾ ಪ್ಲೇಬ್ಯಾಕ್ ಆಫ್‌ಸೆಟ್ ಇದೆ, ಸ್ಯಾಂಪಲ್ ಲೆಕ್ಕದಲ್ಲೇ ಕೊಡಬಹುದು. ಆಡಿಯೋ ತುಂಡನ್ನು ಕೈಯಲ್ಲಿ ಎಳೆಯಬೇಡಿ, ನಾಳೆ ವಾಪಸ್ ತರಲು ಆಗುವುದಿಲ್ಲ. 126ರ ಆಚೀಚೆ ಹತ್ತು ಸ್ಯಾಂಪಲ್ ಹಿಂದೆ ಮುಂದೆ ಮಾಡಿ ಕೇಳಿ, ಏಕೆಂದರೆ ಟೇಪಿನಲ್ಲಿ ಅಳೆದ 95 ಸೆಂಮೀ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ.

ಕಿಕ್‌ಗೂ ಇದೇ ಪರೀಕ್ಷೆ ಮಾಡಿ. ಒಂದು ಎಚ್ಚರಿಕೆ: ಓವರ್‌ಹೆಡ್‌ಗೆ 100 ಹರ್ಟ್ಜ್ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) ಹಾಕುವ ಯೋಚನೆ ಇದ್ದರೆ ಮೊದಲು ಅದನ್ನು ಹಾಕಿ, ಆಮೇಲೆ ಪೊಲಾರಿಟಿ ತೀರ್ಮಾನ ಮಾಡಿ. ಸಾಮಾನ್ಯ ಇಕ್ಯೂ ತಾನು ಕತ್ತರಿಸುವ ಜಾಗದ ಸುತ್ತ ಫೇಸ್ (ತರಂಗದ ಏರಿಳಿತದ ಹೊಂದಾಣಿಕೆ) ತಿರುಗಿಸುತ್ತದೆ. ಮೊದಲು ಸರಿ ಇದ್ದದ್ದು ಹೈಪಾಸ್ ಆದಮೇಲೆ ತಪ್ಪಾಗಬಹುದು.

ಎರಡು ಓವರ್‌ಹೆಡ್ ನಡುವಿನ 23 ಸೆಂಮೀ ಕೂಡ ಸಣ್ಣದಲ್ಲ. ಮೋನೋದಲ್ಲಿ 745 ಹರ್ಟ್ಜ್ ಸುತ್ತ ಗುಂಡಿ, ಸ್ಟೀರಿಯೋದಲ್ಲಿ ಸ್ನೇರ್ ಎಡಕ್ಕೆ ಜಾರಿರುತ್ತದೆ. ಎಡ ಓವರ್‌ಹೆಡ್ ಅನ್ನು 32 ಸ್ಯಾಂಪಲ್ ತಡ ಮಾಡಿದರೆ ಸ್ನೇರ್ ನಡುವಿಗೆ ಬರುತ್ತದೆ. ಆಗ ಸ್ನೇರ್ ಮೈಕ್‌ನ 126ಕ್ಕೂ 32 ಸೇರಿಸಿ 158 ಮಾಡಿ. ಮುಂದಿನ ರೆಕಾರ್ಡಿಂಗ್‌ಗೆ ಇದ್ಯಾವುದೂ ಬೇಡ: ಸ್ನೇರ್ ನಡುವೆ ದಾರದ ಒಂದು ತುದಿ ಹಿಡಿದು, ಅದೇ ಉದ್ದಕ್ಕೆ ಎರಡೂ ಮೈಕ್ ನಿಲ್ಲಿಸಿ. ಬ್ರಿಟಿಷ್ ರೆಕಾರ್ಡಿಂಗ್ ಎಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಿನಲ್ಲಿ ಪ್ರಸಿದ್ಧವಾದ ಡ್ರಮ್ ಮೈಕಿಂಗ್ ಪದ್ಧತಿಯ ಜೀವಾಳವೂ ಈ ಸಮದೂರವೇ.

ಕೇಬಲ್‌ಗಂಟು

ಎರಡನೇ ತೊಂದರೆಗೆ ನನ್ನ ಪಾಲು. ಪ್ರತಿ ಹಾಡಲ್ಲೂ ಅಷ್ಟೇ ಹಿಂದೆ ಅಂದರೆ ಅದು ಕೈಯ ತಪ್ಪಲ್ಲ. ಮನುಷ್ಯ ಒಂದೇ ಅಳತೆಯಲ್ಲಿ ತಡ ಮಾಡಲಾರ. ಇಂಟರ್‌ಫೇಸ್‌ನ ಡ್ರೈವರ್ ತನ್ನ ಲೇಟೆನ್ಸಿಯನ್ನು (ಶಬ್ದ ಒಳಗೆ ಹೊರಗೆ ಹೋಗಲು ಹಿಡಿಯುವ ತಡ) ರೀಪರ್‌ಗೆ ಕಡಿಮೆ ಹೇಳಿರುತ್ತದೆ, ರೀಪರ್ ಅಷ್ಟನ್ನೇ ಕಳೆದು ಟೇಕ್ ಕೂರಿಸಿರುತ್ತದೆ. ಪತ್ತೆ ಮಾಡಲು ಲೂಪ್‌ಬ್ಯಾಕ್ ಪರೀಕ್ಷೆ:

ಸ್ಪೀಕರ್ ಆಫ್ ಮಾಡಿ. ಇಂಟರ್‌ಫೇಸ್‌ನ ಲೈನ್ ಔಟ್‌ನಿಂದ ಲೈನ್ ಇನ್‌ಗೆ ಒಂದು ಕೇಬಲ್ ಹಾಕಿ. ಆ ಇನ್‌ಪುಟ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ (ಮೈಕ್‌ಗೆ ಕೊಡುವ ವಿದ್ಯುತ್) ಆಫ್ ಇರಲಿ, ಗಿಟಾರ್‌ನ ಹೈ ಝೀ ಸ್ವಿಚ್ಚೂ ಆಫ್ ಇರಲಿ. ಮೊದಲ ಟ್ರ್ಯಾಕ್‌ನಲ್ಲಿ ಚೂಪಾದ ಕ್ಲಿಕ್ ಒಂದನ್ನು ಇಡಿ. ಎರಡನೇ ಟ್ರ್ಯಾಕ್ ರೆಕಾರ್ಡ್‌ಗೆ ಸಿದ್ಧ ಮಾಡಿ, ಆದರೆ ಅದರ ಮಾನಿಟರ್ ಮತ್ತು ಡೈರೆಕ್ಟ್ ಮಾನಿಟರಿಂಗ್ ಎರಡೂ ಆಫ್ ಇರಬೇಕು, ಇಲ್ಲದಿದ್ದರೆ ಶಬ್ದ ಸುತ್ತು ಹೊಡೆದು ಕಿರುಚುತ್ತದೆ. ರೆಕಾರ್ಡ್ ಮಾಡಿ, ಎರಡೂ ಕ್ಲಿಕ್‌ಗಳ ಮೊದಲ ಏರಿಕೆಯ ನಡುವೆ ಎಷ್ಟು ಸ್ಯಾಂಪಲ್ ಎಂದು ಝೂಮ್ ಮಾಡಿ ಎಣಿಸಿ. ಆ ಸಂಖ್ಯೆಯನ್ನು ಪ್ರಿಫರೆನ್ಸಸ್, ಆಡಿಯೋ, ರೆಕಾರ್ಡಿಂಗ್ ಪುಟದ ಮ್ಯಾನ್ಯುಯಲ್ ಆಫ್‌ಸೆಟ್‌ನಲ್ಲಿ ಹಾಕಿ, ಮತ್ತೆ ರೆಕಾರ್ಡ್ ಮಾಡಿ. ಅಂತರ ಸೊನ್ನೆಗೆ ಬರಬೇಕು. ಎರಡರಷ್ಟಾದರೆ ಚಿಹ್ನೆ ಉಲ್ಟಾ ಆಗಿದೆ. ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸ್ಯಾಂಪಲ್ ಸಂಖ್ಯೆ) 64, 128, 256 ಮೂರರಲ್ಲೂ ಪ್ರತ್ಯೇಕವಾಗಿ ಮಾಡಿ ಬರೆದಿಡಿ. ಕೆಲವು ಇಂಟರ್‌ಫೇಸ್‌ಗಳಲ್ಲಿ ಬಫರ್ ಬದಲಾದರೆ ಈ ತಪ್ಪಿನ ಗಾತ್ರವೂ ಬದಲಾಗುತ್ತದೆ.

ನೀವು ಡೈರೆಕ್ಟ್ ಆಗಿ ಕೇಳಿಕೊಂಡು ನುಡಿಸಿರುವುದರಿಂದ ಹಳೆಯ ಟೇಕ್‌ಗಳನ್ನು ಅಷ್ಟು ಸ್ಯಾಂಪಲ್ ಮುಂಚೆ ಸರಿಸುವುದು ಸುರಕ್ಷಿತ. ಸಿಮ್ಯುಲೇಟರ್ ಮೂಲಕ ಕೇಳಿಕೊಂಡಿದ್ದರೆ ಹಾಗೆ ಮಾಡಬೇಡಿ ಅನ್ನುತ್ತಿದ್ದೆ. ತನ್ನ ಗಿಟಾರ್ ತಡವಾಗಿ ಕೇಳುವಾಗ ವಾದಕ ಗೊತ್ತಿಲ್ಲದೆಯೇ ಸ್ವಲ್ಪ ಮುಂಚೆ ಮೀಟುತ್ತಾನೆ, ಅಂಥ ಟೇಕ್‌ಗಳನ್ನು ಕಿವಿಯಿಂದಲೇ ಕೂರಿಸಬೇಕು. ಬೇಸ್ ಮತ್ತು ಗಾಯನಕ್ಕೂ ಇದೇ ತಿದ್ದುಪಡಿ ಬೇಕು, ಮರೆಯಬೇಡಿ. ಗಾಯನದಲ್ಲಿ ನಾಲ್ಕೈದು ಮಿಲಿಸೆಕೆಂಡ್ ಯಾರಿಗೂ ತಿಳಿಯದು. ಕಿಕ್ ಜೊತೆ ಬೀಳುವ ಬೇಸ್‌ನಲ್ಲಿ ಮಾತ್ರ ಏಟಿನ ಬಿಗಿಯೇ ಹೋಗುತ್ತದೆ.

ಮಂದ್ರಸ್ಥಾಯಿ

ಮೂರನೆಯದಕ್ಕೆ: ನಕಲು ಟೇಕ್ ಅಳಿಸಿ, ಬಲಕ್ಕೆ ಹೊಸದಾಗಿ ನುಡಿಸಿ. ಅಡ್ಡದಾರಿ ಇಲ್ಲ. 15 ಮಿಲಿಸೆಕೆಂಡ್ ತಡದ ನಕಲು ಮೋನೋದಲ್ಲಿ ಸೇರಿದಾಗ 33, 100, 167, 233 ಹೀಗೆ ಬಾಚಣಿಗೆ ಹಲ್ಲಿನ ಹಾಗೆ ಉದ್ದಕ್ಕೂ ಗುಂಡಿ. ಎರಡು ನಿಜವಾದ ಟೇಕ್‌ಗಳಲ್ಲಿ ತಂತಿಗೆ ಪಿಕ್ ತಾಗುವ ಹೊತ್ತು, ಒತ್ತಡ, ಶ್ರುತಿ ಎಲ್ಲ ಕ್ಷಣಕ್ಷಣಕ್ಕೂ ಬೇರೆ. ಗುಂಡಿಗಳು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಆದ್ದರಿಂದಲೇ ಅಗಲವೂ ಬರುತ್ತದೆ, ಮೋನೋದಲ್ಲೂ ಉಳಿಯುತ್ತದೆ. ಎರಡನೇ ಟೇಕ್‌ಗೆ ಡಿಸ್ಟಾರ್ಷನ್ ಗೇನ್ ಮೂರನೇ ಒಂದು ಭಾಗ ಇಳಿಸಿ, ಎರಡು ಸೇರಿದಾಗ ತಾನಾಗಿಯೇ ದಪ್ಪ ಆಗುತ್ತದೆ. ಪ್ರತಿ ಟೇಕ್‌ಗೂ ಮುಂಚೆ ಶ್ರುತಿ ಮಾಡಿ, ಅದೂ ಹಾಡಿನಲ್ಲಿ ಮೀಟುವಷ್ಟೇ ಜೋರಾಗಿ ಮೀಟಿ. ಜೋರಾಗಿ ಹೊಡೆದಾಗ ದಪ್ಪ ತಂತಿ ಮೊದಲ ಕ್ಷಣ ಸ್ವಲ್ಪ ಮೇಲಿನ ಶ್ರುತಿಗೆ ಏರುತ್ತದೆ.

ಕ್ಯಾಬಿನೆಟ್‌ಗೆ ಮೈಕ್ ಇಟ್ಟು ರೆಕಾರ್ಡ್ ಮಾಡುವವರಿಗೂ ಈ ಲೆಕ್ಕ ಅನ್ವಯ. ಒಂದು ಸ್ಪೀಕರ್‌ಗೆ ಎರಡು ಮೈಕ್ ಇಟ್ಟು ಒಂದು 3 ಸೆಂಮೀ ಹಿಂದಿದ್ದರೆ ಗುಂಡಿ 5.7 ಕಿಲೋಹರ್ಟ್ಜ್‌ನಲ್ಲಿ, ಗಿಟಾರ್‌ನ ಕಚ್ಚು ಅಲ್ಲೇ ಕರಗುತ್ತದೆ. ಒಂದೇ ಮೈಕ್ ಸಾಕು: ಎಸ್ಎಂ57 ಮೈಕ್ ಅನ್ನು ಜಾಲರಿಯಿಂದ ಎರಡು ಬೆರಳಿನ ಅಂತರದಲ್ಲಿ, ಸ್ಪೀಕರ್ ನಡುವಿನ ಗುಮ್ಮಟ ಕೋನ್‌ಗೆ ಸೇರುವ ಅಂಚಿಗೆ ನೇರವಾಗಿ ಹಿಡಿಯಿರಿ. ಒಂದು ಸೆಂಮೀ ನಡುವಿಗೆ ಸರಿದರೆ ಚುಚ್ಚು, ಹೊರಗೆ ಸರಿದರೆ ಮಂಕು.

ಏಳನೇತಂತಿ

ಲೂಪ್‌ಬ್ಯಾಕ್‌ನಲ್ಲಿ ಬಫರ್ 128ಕ್ಕೆ 211 ಸ್ಯಾಂಪಲ್ ತಡ ಬಂತು, ಅಂದರೆ 4.4 ಮಿಲಿಸೆಕೆಂಡ್. ಎಲ್ಲ ಓವರ್‌ಡಬ್ (ಡ್ರಮ್ಸ್ ಆದಮೇಲೆ ಸೇರಿಸಿದ ಟೇಕ್‌ಗಳು) ಅಷ್ಟು ಮುಂಚೆ ಸರಿಸಿದೆ, ಗಿಟಾರ್ ಕಿಕ್ ಮೇಲೆ ಕೂತಿತು. ಸ್ನೇರ್‌ಗೆ ಪೊಲಾರಿಟಿ ತಿರುಗಿಸಿದ್ದಕ್ಕಿಂತ ತಡ ಮಾಡಿದ್ದೇ ಚೆನ್ನಾಗಿದೆ, 161ರಲ್ಲಿ ಅತಿ ದಪ್ಪ. ಬೆರೆಸಿದ್ದ ಸ್ಯಾಂಪಲ್ ತೆಗೆದುಹಾಕಿದೆ, ಬೇಕೇ ಆಗಲಿಲ್ಲ.

ಈಗ ಮಾಸ್ಟರ್ ವಿಷಯ. ಇನ್ನೆರಡು ತೊಂದರೆಯೂ ಇವೆ: ಮೂರನೇ ಹಾಡು ನಿಲ್ಲದೆ ನಾಲ್ಕನೆಯದಕ್ಕೆ ಹರಿಯುತ್ತದೆ, ಸೇರುವ ಕಡೆ ಟಿಕ್ ಅನ್ನುತ್ತದೆ. 32 ಬಿಟ್ ಫ್ಲೋಟ್ ಕಡತಗಳನ್ನೂ 1400 ಪಿಕ್ಸೆಲ್ ಮುಖಪುಟವನ್ನೂ, ಹಾಡುಗಳನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸುವ ವಿತರಕರು ವಾಪಸ್ ಕಳಿಸಿದರು.

ಶೂನ್ಯಡೆಸಿಬೆಲ್

ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಸಮ ಮಾಡುತ್ತದೆ. ನಿಮ್ಮ ಮೈನಸ್ 7ರ ಮಾಸ್ಟರ್ 7 ಡಿಬಿ ಕೆಳಗಿಳಿಯುತ್ತದೆ. ಜೋರಿನ ಲಾಭ ಹೋಯಿತು, ಲಿಮಿಟರ್ (ಪೀಕ್‌ಗಳನ್ನು ಮಿತಿಯೊಳಗೆ ಒತ್ತುವ ಪ್ಲಗಿನ್) ಸ್ನೇರ್‌ನ ತಲೆ ಸವರಿದ ನಷ್ಟ ಮಾತ್ರ ಉಳಿಯಿತು. ಹಾಗಂತ ರಾಕ್ ಅನ್ನು ಮೈನಸ್ 14ಕ್ಕೇ ಮಾಡಬೇಕೆಂದಿಲ್ಲ. ಸ್ವಲ್ಪ ಒತ್ತಡ ಆ ಸಂಗೀತದ ಗುಣವೇ. ಮಾಸ್ಟರ್ ಅನ್ನು 7 ಡಿಬಿ ಇಳಿಸಿ, ಲಿಮಿಟರ್ ಹಾಕದ ಮಿಕ್ಸ್‌ನ ಪಕ್ಕ ಸಮ ಜೋರಿನಲ್ಲಿ ಇಟ್ಟು ಕೇಳಿ. ಮಾಸ್ಟರ್ ಕುಗ್ಗಿದಂತೆ ಕಂಡರೆ, ಕಾಣದವರೆಗೆ ಲಿಮಿಟರ್ ಸಡಿಲಿಸುತ್ತಾ ಬನ್ನಿ. ನನ್ನ ಕಿವಿಗೆ ಇಂಥ ಹಾಡುಗಳು ಮೈನಸ್ 9ರಿಂದ 11ರ ನಡುವೆ ನಿಲ್ಲುತ್ತವೆ.

ಪ್ಲಸ್ 0.6 ಟ್ರೂ ಪೀಕ್ ಒರಟುತನಕ್ಕೆ ಇನ್ನೊಂದು ಕಾರಣ. ಎಂಪಿ3, ಎಎಸಿ ಥರದ ಸಂಕುಚನದಲ್ಲಿ ಪೀಕ್‌ಗಳು ಮತ್ತೂ ಏರುತ್ತವೆ. ಮೈನಸ್ 1 ಡಿಬಿ ಟ್ರೂ ಪೀಕ್ ಒಳಗಿರಿ. ಮೈನಸ್ 14ಕ್ಕಿಂತ ಜೋರಿನ ಮಾಸ್ಟರ್‌ಗೆ ಮೈನಸ್ 2 ಇಡಿ ಎಂದು ಸ್ಪಾಟಿಫೈಯೇ ಹೇಳುತ್ತದೆ. ಎಂಟೂ ಹಾಡನ್ನು ಒಂದೇ ಸಂಖ್ಯೆಗೆ ಎಳೆಯಬೇಡಿ. ಆಲ್ಬಂ ಅನ್ನು ಸಾಲಾಗಿ ಕೇಳುವಾಗ ಎಲ್ಲ ಹಾಡಿಗೂ ಒಂದೇ ತಿದ್ದುಪಡಿ ಬೀಳುತ್ತದೆ, ಮೆಲುಹಾಡು ಮೆಲುವಾಗಿಯೇ ಉಳಿಯುತ್ತದೆ.

ಕೇಬಲ್‌ಗಂಟು

ಟಿಕ್ ಬರುವುದು ಮೂರು ಮತ್ತು ನಾಲ್ಕನ್ನು ಬೇರೆ ಬೇರೆ ರೆಂಡರ್ ಮಾಡಿರುವುದರಿಂದ. ಲಿಮಿಟರ್ ಎರಡರಲ್ಲೂ ಹೊಸದಾಗಿ ಶುರುವಾಗುತ್ತದೆ, 48ರಿಂದ 44.1ಕ್ಕೆ ಇಳಿಸುವ ಫಿಲ್ಟರ್‌ಗೂ ಅಂಚಿನ ಆಚೆ ಏನಿದೆ ತಿಳಿಯುವುದಿಲ್ಲ. ಎರಡನ್ನೂ ಒಂದೇ ಉದ್ದ ಕಡತವಾಗಿ ಮಾಸ್ಟರ್ ಮಾಡಿ, 44.1ಕ್ಕೆ ಇಳಿಸಿ, ಕಟ್ಟಕಡೆಗೆ ಕತ್ತರಿಸಿ. ತುದಿಗೆ ಫೇಡ್ ಬೇಡ. ಸಿಡಿಯೂ ಬರುವುದಾದರೆ ಶುರುವಿನಿಂದ ಎಣಿಸಿ 588ರ ಗುಣಕದಲ್ಲೇ ಕತ್ತರಿಸಿ. ಸಿಡಿಯ ಒಂದು ಫ್ರೇಮ್ ಸೆಕೆಂಡಿನ 75ನೇ ಒಂದು ಭಾಗ, ಅಂದರೆ ಅಷ್ಟೇ ಸ್ಯಾಂಪಲ್.

ವಿತರಕರಿಗೆ 24 ಬಿಟ್, 44.1 ವೇವ್ ಕೊಡಿ. 16 ಬಿಟ್ ಕೇಳಿದರೆ ಡಿದರ್ (ಬಿಟ್ ಇಳಿಸುವಾಗ ಬೆರೆಸುವ ಅತಿ ಸಣ್ಣ ಗದ್ದಲ) ಒಂದೇ ಸಲ, ಕೊನೆಯ ಹೆಜ್ಜೆಯಲ್ಲಿ. ಮುಖಪುಟ 3000×3000, ಆರ್‌ಜಿಬಿ ಜೇಪೆಗ್. 1400 ಅನ್ನು ಹಿಗ್ಗಿಸಬೇಡಿ, ಮೂಲದಿಂದ ಮತ್ತೆ ತೆಗೆಯಿರಿ. ಅದರ ಮೇಲೆ ವೆಬ್ ವಿಳಾಸ, ಬೆಲೆ, ಸ್ಟ್ರೀಮಿಂಗ್ ಸೇವೆಗಳ ಲೋಗೋ ಇರಬಾರದು. ಬ್ಯಾಂಡ್ ಹೆಸರಿನ ಕಾಗುಣಿತ ಎಂಟೂ ಹಾಡಲ್ಲಿ ಒಂದೇ ಇರಲಿ, ಒಂದು ಖಾಲಿ ಜಾಗ ಹೆಚ್ಚಾದರೂ ಬೇರೆ ಕಲಾವಿದರ ಪುಟ ಹುಟ್ಟಬಹುದು. ಸ್ಪಾಟಿಫೈ ಸಂಪಾದಕರ ಪ್ಲೇಲಿಸ್ಟ್‌ಗೆ ಹಾಡು ಸೂಚಿಸಲು ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಹಾಡು ಅಲ್ಲಿಗೆ ತಲುಪಿರಬೇಕು. ಪರಿಶೀಲನೆಯ ಸಮಯವೂ ಸೇರಿ ಮೂರ್ನಾಲ್ಕು ವಾರ ಇಟ್ಟುಕೊಳ್ಳಿ.

ಏಳನೇತಂತಿ

ಒಂದು ಹಾಡು ಹಳೆಯ ಮಿಕ್ಸ್‌ನಲ್ಲಿ ಸಿಂಗಲ್ ಆಗಿ ಈಗಾಗಲೇ ಹೊರಬಂದಿದೆ. ಆಲ್ಬಂನಲ್ಲಿ ಹೊಸ ಮಿಕ್ಸ್ ಇರುತ್ತದೆ. ಅದೇ ಐಎಸ್‌ಆರ್‌ಸಿ (ರೆಕಾರ್ಡಿಂಗ್‌ನ ಗುರುತಿನ ಸಂಕೇತ) ಹಾಕಬಹುದೇ, ಕೇಳುಗರ ಎಣಿಕೆ ಉಳಿಯಲಿ ಅಂತ?

ಕೇಬಲ್‌ಗಂಟು

ಬೇಡ. ಆ 12 ಅಕ್ಷರದ ಸಂಕೇತ ಒಂದು ನಿರ್ದಿಷ್ಟ ರೆಕಾರ್ಡಿಂಗ್‌ನದು. ಹೊಸ ಮಿಕ್ಸ್‌ಗೆ ಹೊಸ ಸಂಕೇತ ಬೇಕು. ಅದೇ ಆಡಿಯೋವನ್ನು ಆಲ್ಬಂಗೆ ಸೇರಿಸಿದರೆ ಮಾತ್ರ ಹಳೆಯದು ಮುಂದುವರಿಯುತ್ತದೆ. ಹೊಸ ಮಿಕ್ಸ್ ಹಾಡಿನ ಹೆಸರಿನ ಮುಂದೆ ಆಲ್ಬಂ ಆವೃತ್ತಿ ಎಂದು ನಮೂದಿಸಿ, ಸಿಂಗಲ್ ಹಾಗೇ ಇರಲಿ.