ಲೈಬ್ರರಿಯ ಯೂನಿಟ್ ಟೆಸ್ಟ್: ಒಂದೊಂದೇ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್

ಪ್ರಶ್ನೆ (ಕೋರಮಂಗಲ): ಬಿಲ್‌ಗಳನ್ನು ಸರ್ವರ್‌ಗೆ ಕಳಿಸುವ ಆಂಡ್ರಾಯ್ಡ್ ಲೈಬ್ರರಿ, ಕಾಟ್ಲಿನ್‌ನಲ್ಲಿದೆ. ಯೂನಿಟ್ ಟೆಸ್ಟ್‌ಗಳು (ಕೋಡಿನ ಒಂದೊಂದು ತುಂಡನ್ನು ಪರೀಕ್ಷಿಸುವ ಕೋಡ್) ಒಂದೊಂದೇ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಎರಡು ಮೂರು ಬೀಳುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಪಾಸಾದದ್ದು ಬಿಲ್ಡ್ ಸರ್ವರ್‌ನಲ್ಲಿ (ಕೋಡನ್ನು ತಾನಾಗಿ ಕಟ್ಟಿ ಟೆಸ್ಟ್ ಓಡಿಸುವ ಕಂಪ್ಯೂಟರ್) ಫೇಲ್. ಎಮ್ಯುಲೇಟರ್ (ಕಂಪ್ಯೂಟರಿನೊಳಗಿನ ಹುಸಿ ಫೋನ್) ಇಲ್ಲದೆ, ಒಂದರ ಸೋಂಕು ಇನ್ನೊಂದಕ್ಕೆ ತಗುಲದಂತೆ ಬರೆಯೋದು ಹೇಗೆ?

ಜಯನಗರದಿಂದ: ಮೊದಲು ಸಿಂಗಲ್‌ಟನ್‌ಗಳನ್ನು (ಇಡೀ ಪ್ರೋಗ್ರಾಮಿಗೆ ಒಂದೇ ಇರುವ ಆಬ್ಜೆಕ್ಟ್‌ಗಳು) ಹುಡುಕಿ ಸರ್. ಟೆಸ್ಟ್ ಓಡಿಸುವ ಜೆಯೂನಿಟ್ ಪ್ರತಿ ಟೆಸ್ಟ್‌ಗೂ ಟೆಸ್ಟ್ ಕ್ಲಾಸನ್ನು ಹೊಸದಾಗಿ ಕಟ್ಟುತ್ತದೆ ನಿಜ, ಆದರೆ ಸಿಂಗಲ್‌ಟನ್ ಆ ಜೆವಿಎಂ (ಕೋಡನ್ನು ಓಡಿಸುವ ಜಾವಾ ಯಂತ್ರ) ಇರುವಷ್ಟು ಹೊತ್ತೂ ಹಾಗೇ ಕೂತಿರುತ್ತದೆ. ಮೊದಲನೇ ಟೆಸ್ಟ್ ಅದರಲ್ಲಿಟ್ಟ ಲಾಗಿನ್ ಟೋಕನ್ ಹತ್ತನೆಯದಕ್ಕೂ ಸಿಗುತ್ತದೆ. ಬಿಲ್ಡ್ ಮಾಡುವ ಗ್ರೇಡಲ್‌ನಲ್ಲಿ ಫೋರ್ಕ್‌ಎವೆರಿ ಸೆಟ್ಟಿಂಗ್‌ಗೆ 1 ಕೊಟ್ಟರೆ ಒಂದೊಂದು ಟೆಸ್ಟ್ ಕ್ಲಾಸಿಗೂ ಬೇರೆ ಜೆವಿಎಂ. ಆಗ ಎಲ್ಲ ಪಾಸಾದರೆ ಕಳ್ಳ ಸಿಕ್ಕಿದ ಅಂತ ಅರ್ಥ. ಆ ಸೆಟ್ಟಿಂಗನ್ನು ಹಾಗೇ ಬಿಟ್ಟುಬಿಡಬೇಡಿ, ಬಿಲ್ಡ್ ಆಮೆ ಆಗುತ್ತದೆ. ಟೋಕನ್ ಸ್ಟೋರನ್ನು (ಟೋಕನ್ ಇಡುವ ಆಬ್ಜೆಕ್ಟ್) ಕನ್‌ಸ್ಟ್ರಕ್ಟರ್ ಮೂಲಕ, ಅಂದರೆ ಆಬ್ಜೆಕ್ಟ್ ಕಟ್ಟುವಾಗಲೇ ಹೊರಗಿಂದ ಕೊಡಿ. ಮಾಕ್‌ಕೆ ಲೈಬ್ರರಿ ಹಾಕಿ ಸಿಂಗಲ್‌ಟನ್ ಆಬ್ಜೆಕ್ಟ್‌ಗಳನ್ನೇ ಮಾಕ್ (ನಕಲಿ) ಮಾಡಿದ್ದರೆ ಪ್ರತಿ ಟೆಸ್ಟ್ ಮುಗಿದ ಮೇಲೆ ಅನ್‌ಮಾಕ್‌ಆಲ್ ಕರೆಯಲೇಬೇಕು.

ವೈಟ್‌ಫೀಲ್ಡ್‌ನಿಂದ: ಲ್ಯಾಪ್‌ಟಾಪ್‌ಗೂ ಸರ್ವರ್‌ಗೂ ಜಗಳ ಅಂದರೆ ನನ್ನ ಅನುಮಾನ ಗಡಿಯಾರದ ಮೇಲೆ. ಬೆಂಗಳೂರಿನ ಲ್ಯಾಪ್‌ಟಾಪ್ ಯುಟಿಸಿಗಿಂತ (ಜಗತ್ತಿನ ಪ್ರಮಾಣ ಸಮಯ) ಐದೂವರೆ ಗಂಟೆ ಮುಂದೆ. ಬಿಲ್ಡ್ ಸರ್ವರ್ ಸಾಮಾನ್ಯವಾಗಿ ಯುಟಿಸಿಯಲ್ಲೇ ಇರುತ್ತದೆ. 2024ರ ಮಾರ್ಚ್ 31, ಯುಟಿಸಿ ರಾತ್ರಿ 8 ಗಂಟೆಯ ಬಿಲ್ ತಗೊಳ್ಳಿ. ಇಲ್ಲಿ ಅದು ಏಪ್ರಿಲ್ 1ರ ಬೆಳಗಿನ ಜಾವ 1.30. ದಿನ ಅಷ್ಟೇ ಅಲ್ಲ, ಹಣಕಾಸು ವರ್ಷವೇ ಬೇರೆ! ಕೋಡಿನೊಳಗೆ ನೇರವಾಗಿ ‘ನೌ’ (ಈಗಿನ ಸಮಯ ಕೊಡುವ ಮೆಥಡ್) ಕರೆಯಬೇಡಿ. ಕ್ಲಾಕನ್ನು ಹೊರಗಿಂದ ಕೊಡಿ, ಟೆಸ್ಟ್‌ನಲ್ಲಿ ಕ್ಲಾಕ್ ಫಿಕ್ಸೆಡ್ (ಒಂದೇ ಕ್ಷಣದಲ್ಲಿ ನಿಂತ ಗಡಿಯಾರ) ಬಳಸಿ, ಜೊತೆಗೆ ಏಷ್ಯಾ/ಕೋಲ್ಕತಾ ಝೋನ್ ಬರೆಯಿರಿ. ಈ ಮೇಲಿನ ಕ್ಷಣವನ್ನೇ ಒಂದು ಟೆಸ್ಟ್ ಮಾಡಿಟ್ಟುಕೊಳ್ಳಿ.

ಮಲ್ಲೇಶ್ವರದಿಂದ: ಬಿಲ್ ಹೋಗದಿದ್ದರೆ 1, 2, 4 ಸೆಕೆಂಡ್ ಬಿಟ್ಟು ಮತ್ತೆ ಕಳಿಸುವ ಕೋಡ್ ಇದ್ದೇ ಇರುತ್ತದೆ. ಕಾಟ್ಲಿನ್‌ನ ರನ್‌ಟೆಸ್ಟ್ ಒಳಗೆ ಡಿಲೇಗಳು (ಕಾಯುವ ಹೊತ್ತು) ಹುಸಿ ಸಮಯದಲ್ಲಿ ಓಡುತ್ತವೆ: ಟೆಸ್ಟ್ ಕ್ಷಣದಲ್ಲಿ ಮುಗಿದು, ಶೆಡ್ಯೂಲರ್‌ನ ಕರೆಂಟ್‌ಟೈಮ್ 7000 ಮಿಲಿಸೆಕೆಂಡ್ ತೋರಿಸಬೇಕು. ಅದು 0 ತೋರಿಸಿ ಟೆಸ್ಟ್ ನಿಜಕ್ಕೂ 7 ಸೆಕೆಂಡ್ ತಿಂದರೆ, ಒಳಗೆಲ್ಲೋ ಡಿಸ್ಪ್ಯಾಚರ್ಸ್ ಐಓ (ಕೆಲಸ ಯಾವ ಥ್ರೆಡ್‌ನಲ್ಲಿ ಓಡಬೇಕೆಂದು ಹೇಳುವ ಡಿಸ್ಪ್ಯಾಚರ್) ಅಂತ ಗಟ್ಟಿಯಾಗಿ ಬರೆದಿದ್ದೀರಿ. ಡಿಸ್ಪ್ಯಾಚರನ್ನೂ ಕನ್‌ಸ್ಟ್ರಕ್ಟರ್‌ನಲ್ಲೇ ತಗೊಳ್ಳಿ.

ಕೋರಮಂಗಲ: ಐಓ ಇತ್ತು, ತೆಗೆದೆ. ಟೆಸ್ಟ್‌ನಲ್ಲಿ ಆಂಡ್ರಾಯ್ಡ್ ಮೆಥಡ್ ಕರೆದಾಗ ಬರುವ ‘ನಾಟ್ ಮಾಕ್ಡ್’ ಎರರ್‌ಗೆ ಗ್ರೇಡಲ್‌ನಲ್ಲಿ ರಿಟರ್ನ್‌ಡಿಫಾಲ್ಟ್‌ವ್ಯಾಲ್ಯೂಸ್ ಟ್ರೂ ಮಾಡಿದ್ದೇನೆ, ಪರವಾಗಿಲ್ವಾ? ನೆಟ್‌ವರ್ಕ್‌ಗೆ ಏನು?

ಜಯನಗರದಿಂದ: ಅಯ್ಯೋ, ಬೇಡ. ಅದನ್ನು ಹಾಕಿದರೆ ಆಂಡ್ರಾಯ್ಡ್ ಮೆಥಡ್‌ಗಳೆಲ್ಲ ನಲ್, ಸೊನ್ನೆ ಇಲ್ಲವೇ ಫಾಲ್ಸ್ ಕೊಡುತ್ತವೆ. ಖಾಲಿ ಸ್ಟ್ರಿಂಗ್ ಕೊಟ್ಟು ಟೆಕ್ಸ್ಟ್‌ಯುಟಿಲ್ಸ್‌ನ ಇಸ್‌ಎಂಪ್ಟಿ ಕೇಳಿದರೂ ಫಾಲ್ಸ್! ಅಂಥ ಕಡೆ ಕಾಟ್ಲಿನ್‌ನದ್ದೇ ಇಸ್‌ನಲ್‌ಆರ್‌ಎಂಪ್ಟಿ ಸಾಕು. ಆಂಡ್ರಾಯ್ಡ್‌ನ ಕಾಂಟೆಕ್ಸ್ಟ್ ಆಬ್ಜೆಕ್ಟ್ ಬೇಕೇ ಬೇಕಾದ ಟೆಸ್ಟ್‌ಗಳಿಗಷ್ಟೇ ರೊಬೊಲೆಕ್ಟ್ರಿಕ್ (ಎಮ್ಯುಲೇಟರ್ ಇಲ್ಲದೆ ಆಂಡ್ರಾಯ್ಡ್ ಕೋಡ್ ಓಡಿಸುವ ಲೈಬ್ರರಿ).

ವೈಟ್‌ಫೀಲ್ಡ್‌ನಿಂದ: ನೆಟ್‌ವರ್ಕ್‌ಗೆ ಮಾಕ್‌ವೆಬ್‌ಸರ್ವರ್ (ಟೆಸ್ಟ್‌ನೊಳಗೇ ಓಡುವ ನಕಲಿ ಸರ್ವರ್). ಪೋರ್ಟ್ ನಂಬರ್ ನೀವೇ ಕೊಡಬೇಡಿ, ಖಾಲಿ ಇರುವುದನ್ನು ಅದೇ ಆರಿಸಿಕೊಳ್ಳಲಿ. ನೆಟ್‌ವರ್ಕ್ ಲೈಬ್ರರಿ ಓಕೆಎಚ್‌ಟಿಟಿಪಿಯ ರೀಡ್ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಮಿತಿ) ತಾನಾಗಿ 10 ಸೆಕೆಂಡ್. ಟೆಸ್ಟ್ ಕ್ಲೈಂಟ್‌ಗೆ 200 ಮಿಲಿಸೆಕೆಂಡ್ ಸಾಕು. ನಕಲಿ ಸರ್ವರ್‌ಗೆ ಬಂದ ರಿಕ್ವೆಸ್ಟ್ ಕೊಡುವ ಟೇಕ್‌ರಿಕ್ವೆಸ್ಟನ್ನು ಬರಿದೇ ಕರೆದರೆ, ರಿಕ್ವೆಸ್ಟ್ ಬಾರದಿದ್ದಾಗ ಅಲ್ಲೇ ಕಾಯುತ್ತಾ ಕೂರುತ್ತದೆ. 1 ಸೆಕೆಂಡ್ ಮಿತಿ ಕೊಟ್ಟು ಕರೆಯಿರಿ, ನಲ್ ಬಂದರೆ ಫೇಲ್.